ಮಿಖಾಯಿಲ್ ತ್ಸ್ವೆಟ್: ಸುಣ್ಣದ ಪುಡಿಯಿಂದ ನೀರಿನ ಲ್ಯಾಬ್‌ವರೆಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಫ್ಲೋರೈಡ್ ಅಂದ್ರೆ ಏನು ಅಂತ ಹೇಳೋಕೆ ಕೆಮಿಸ್ಟ್ರಿ ಪುಸ್ತಕ ಬೇಕಾಗಿಲ್ಲ. ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಮೂಡುವ ಕಂದು ಪಟ್ಟೆಯೇ ಅದನ್ನ ಹೇಳುತ್ತೆ. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಕರ್ನಾಟಕದ ಜಿಲ್ಲೆಗಳನ್ನ ಪಟ್ಟಿ ಮಾಡಿದರೆ ಅದರಲ್ಲಿ ಚಿತ್ರದುರ್ಗ ಇದ್ದೇ ಇರುತ್ತೆ. ಕಾರಣ ನಮ್ಮ ಕಾಲಡಿಯಲ್ಲೇ ಇದೆ. ಇಲ್ಲಿನ ಗ್ರಾನೈಟ್ ಮತ್ತು ಅದರ ಸಂಬಂಧಿ ಶಿಲೆಗಳಲ್ಲಿ ಅಭ್ರಕ, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಿರುತ್ತವೆ. ಮಳೆ ಕಮ್ಮಿ ಇರುವ ಸೀಮೆಯಲ್ಲಿ ನೀರು ಕಲ್ಲಿನ ಬಿರುಕಿನೊಳಗೆ ಬಹಳ ಕಾಲ ನಿಂತು ಫ್ಲೋರೈಡನ್ನ ಕರಗಿಸಿಕೊಳ್ಳುತ್ತೆ.

ಆ ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕುಡಿದರೆ ಗೊತ್ತಾಗಲ್ಲ. ಕುದಿಸಿದರೂ ಹೋಗಲ್ಲ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅಂದರೆ 0.9 ಬಂದರೆ ಊರಿನ ನಲ್ಲಿ ತೆರೆದಿರುತ್ತೆ, 1.6 ಬಂದರೆ ಆ ಬೋರ್‌ವೆಲ್ ಕುಡಿಯೋಕೆ ಬೇಡ ಅಂತಾಗುತ್ತೆ. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಒಂದು ಮಿಲಿಗ್ರಾಂ ಕೂಡ ಇಲ್ಲ. ಅದನ್ನ ಅಳೆಯೋ ಯಂತ್ರಗಳಲ್ಲಿ ಮುಖ್ಯವಾದದ್ದು ಅಯಾನ್ ಕ್ರೊಮ್ಯಾಟೋಗ್ರಾಫ್. ಒಂದೇ ಸಲ ಸ್ಯಾಂಪಲ್ ಕೊಟ್ಟರೆ ಫ್ಲೋರೈಡ್, ಕ್ಲೋರೈಡ್, ನೈಟ್ರೇಟ್, ಸಲ್ಫೇಟ್ ಎಲ್ಲವನ್ನೂ ಬೇರೆ ಬೇರೆ ಮಾಡಿ ಲೆಕ್ಕ ಕೊಡುತ್ತೆ.

ಆ ಯಂತ್ರದೊಳಗೆ ಬೆರಳಷ್ಟು ಉದ್ದದಿಂದ ಗೇಣುದ್ದದವರೆಗಿನ ಒಂದು ಕಾಲಂ ಇರುತ್ತೆ. ಬೇರೆ ಮಾಡುವ ಕೆಲಸವೆಲ್ಲ ನಡೆಯೋದು ಅಲ್ಲೇ. ಕಾಲಂ ಅನ್ನೋ ಈ ಉಪಾಯವನ್ನ ಜಗತ್ತಿಗೆ ಕೊಟ್ಟದ್ದು ಕೆಮಿಸ್ಟ್ ಅಲ್ಲ, ಒಬ್ಬ ಸಸ್ಯವಿಜ್ಞಾನಿ. ಹೆಸರು ಮಿಖಾಯಿಲ್ ತ್ಸ್ವೆಟ್. ಕ್ರೊಮ್ಯಾಟೋಗ್ರಫಿ ಅಂತ ಹೆಸರಿಟ್ಟದ್ದೂ ಅವರೇ. ಸರಿಯಾಗಿದ್ದ ಅವರ ವಿಧಾನವನ್ನ ಆ ಕಾಲದ ದೊಡ್ಡವರು ಯಾಕೆ ನಂಬಲಿಲ್ಲ ಅಂತ ತಿಳಿದುಕೊಂಡರೆ, ಇವತ್ತು ಆ ಯಂತ್ರವನ್ನ ಹೇಗೆ ನೋಡಿಕೊಳ್ಳಬೇಕು ಅನ್ನೋದೂ ಅರ್ಥವಾಗುತ್ತೆ.

ಎರಡು ಸಲ ಪದವಿ

ತ್ಸ್ವೆಟ್ ಹುಟ್ಟಿದ್ದು 1872ರ ಮೇ 14ರಂದು, ಇಟಲಿಯ ಆಸ್ತಿ ಎಂಬ ಊರಿನಲ್ಲಿ. ತಂದೆ ರಷ್ಯಾದ ಸರ್ಕಾರಿ ಅಧಿಕಾರಿ, ತಾಯಿ ಇಟಲಿಯವರು. ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡರು. ಹುಡುಗ ಬೆಳೆದದ್ದು ಸ್ವಿಟ್ಜರ್ಲೆಂಡಿನಲ್ಲಿ. ಜಿನೀವಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ, ಗಣಿತ ವಿಭಾಗಕ್ಕೆ ಸೇರಿದ ಅವರಿಗೆ ಗಿಡಗಳ ಮೇಲೆ ಮನಸ್ಸು ಹೋಯಿತು. 1893ರಲ್ಲಿ ಪದವಿ, 1896ರಲ್ಲಿ ಸಸ್ಯಕೋಶಗಳ ಮೇಲಿನ ಕೆಲಸಕ್ಕೆ ಡಾಕ್ಟರೇಟ್. ಹೀಗಾಗಿ ಗಿಡದ ಒಳಗಿನ ಪ್ರಶ್ನೆಗೆ ಭೌತಶಾಸ್ತ್ರದವರ ಹಾಗೆ ಉತ್ತರ ಹುಡುಕುವ ಅಭ್ಯಾಸ ಅವರಿಗೆ ಮೊದಲಿನಿಂದಲೇ ಬಂತು.

ಅದೇ 1896ರಲ್ಲಿ ಅವರು ರಷ್ಯಾಕ್ಕೆ ಹೋದರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇಳಿದ ಮೇಲೆ ಗೊತ್ತಾಯಿತು: ಅಲ್ಲಿ ವಿದೇಶದ ಡಾಕ್ಟರೇಟ್‌ಗೆ ಬೆಲೆ ಇಲ್ಲ. ವಿಶ್ವವಿದ್ಯಾಲಯದಲ್ಲಿ ಕೆಲಸ ಬೇಕಿದ್ದರೆ ರಷ್ಯಾದ ಪದವಿಗಳನ್ನ ಮತ್ತೆ ಪಡೆಯಬೇಕು. 24 ವರ್ಷದ ಡಾಕ್ಟರು ಮತ್ತೆ ವಿದ್ಯಾರ್ಥಿಯಾದರು. ಹೊಟ್ಟೆಪಾಡಿಗೆ ಹೆಣ್ಣುಮಕ್ಕಳ ಕೋರ್ಸುಗಳಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತಾ, ಸಿಕ್ಕ ಲ್ಯಾಬಿನಲ್ಲಿ ಕೆಲಸ ಮಾಡುತ್ತಾ, 1901ರಲ್ಲಿ ಕಜಾನ್ ವಿಶ್ವವಿದ್ಯಾಲಯದಿಂದ ಮ್ಯಾಜಿಸ್ಟರ್ ಪದವಿ ಪಡೆದರು. ಆಮೇಲೆ ಕೆಲಸ ಸಿಕ್ಕಿದ್ದು ವಾರ್ಸಾದಲ್ಲಿ, ಸಹಾಯಕ ಹುದ್ದೆ. ಆಗ ವಾರ್ಸಾ ರಷ್ಯಾದ ಆಳ್ವಿಕೆಯಲ್ಲಿತ್ತು.

ಎಲೆಯೊಳಗಿನ ಪ್ರಶ್ನೆ

ಅವರನ್ನ ಕಾಡುತ್ತಿದ್ದ ಪ್ರಶ್ನೆ ಕೇಳೋಕೆ ಸಣ್ಣದು. ಎಲೆಯ ಹಸಿರು ಬಣ್ಣವನ್ನ ಬೇರ್ಪಡಿಸಿ ಇಟ್ಟರೆ ಅದು ಪೆಟ್ರೋಲಿಯಂ ಈಥರ್‌ನಲ್ಲಿ ಸಲೀಸಾಗಿ ಕರಗುತ್ತೆ. ಆದರೆ ಎಲೆಯನ್ನೇ ಅರೆದು ಅದೇ ದ್ರಾವಕಕ್ಕೆ ಹಾಕಿದರೆ ಹಸಿರು ಹೊರಗೇ ಬರಲ್ಲ. ಕ್ಯಾರೋಟಿನ್‌ನ ಹಳದಿ ಮಾತ್ರ ಬರುತ್ತೆ. ಸ್ವಲ್ಪ ಆಲ್ಕೋಹಾಲ್ ಸೇರಿಸಿದ ಕೂಡಲೇ ಹಸಿರೂ ಬರುತ್ತೆ. ಹಾಗಾದ್ರೆ ಎಲೆಯೊಳಗೆ ಅದನ್ನ ಹಿಡಿದಿಟ್ಟಿರೋದು ಯಾವುದು?

ಬೇರೆಯವರು ಇದಕ್ಕೆ ರಾಸಾಯನಿಕ ಬದಲಾವಣೆಯ ಕಾರಣ ಕೊಟ್ಟರು. ತ್ಸ್ವೆಟ್ ಯೋಚಿಸಿದ್ದು ಬೇರೆ. ಎಲೆಯ ಅಂಗಾಂಶದ ಮೇಲ್ಮೈಗೆ ಆ ವಸ್ತು ಅಂಟಿಕೊಂಡಿದೆ, ಅಂದರೆ ಇದು ಅಧಿಶೋಷಣೆ ಅಂತ ಅವರಿಗೆ ಅನಿಸಿತು. ಪರೀಕ್ಷೆಗೆ ಮೊದಲು ಫಿಲ್ಟರ್ ಪೇಪರ್ ತಗೊಂಡರು. ಬಣ್ಣದ ದ್ರಾವಣದಲ್ಲಿ ಅದ್ದಿ ಒಣಗಿಸಿದ ಪೇಪರ್ ಎಲೆಯ ಹಾಗೇ ವರ್ತಿಸಿತು. ಹಾಗಿದ್ದರೆ ಬೇರೆ ಪುಡಿಗಳೂ ಹಿಡಿಯಬೇಕಲ್ಲ? 100ಕ್ಕೂ ಹೆಚ್ಚು ವಸ್ತುಗಳನ್ನ ಒಂದೊಂದಾಗಿ ಪರೀಕ್ಷಿಸಿದರು. ಕೆಲವು ಹಿಡಿಯಲೇ ಇಲ್ಲ, ಕೆಲವು ಬಣ್ಣವನ್ನೇ ಕೆಡಿಸಿದವು. ಕ್ಲೋರೋಫಿಲ್‌ಗೆ ಅವರು ಹೆಚ್ಚಾಗಿ ನೆಚ್ಚಿಕೊಂಡದ್ದು ನುಣ್ಣಗಿನ, ಒಣಗಿಸಿದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ. ಸುಣ್ಣದಕಲ್ಲು ಅಂತೀವಲ್ಲ, ಅದೇ ವಸ್ತು.

ಆ ಪುಡಿಯನ್ನ ಎರಡು ಮೂರು ಮಿಲಿಮೀಟರ್ ಅಗಲದ ಗಾಜಿನ ನಳಿಕೆಯಲ್ಲಿ 20-30 ಮಿಲಿಮೀಟರ್ ಎತ್ತರಕ್ಕೆ ಒತ್ತಿ ತುಂಬಿದರು. ಮೇಲಿನಿಂದ ಎಲೆಯ ಸಾರ ಸುರಿದು, ಹಿಂದೆಯೇ ಶುದ್ಧ ದ್ರಾವಕ ಬಿಟ್ಟರು. ಹಸಿರು ಕೆಳಗಿಳಿಯುತ್ತಾ ಇಳಿಯುತ್ತಾ ಪಟ್ಟೆ ಪಟ್ಟೆಯಾಗಿ ಒಡೆಯಿತು. ಗಟ್ಟಿಯಾಗಿ ಅಂಟಿಕೊಳ್ಳೋದು ಮೇಲುಳಿಯಿತು, ಸಡಿಲವಾಗಿ ಅಂಟಿಕೊಳ್ಳೋದು ಮುಂದೆ ಓಡಿತು. ಹಳದಿ ಮಿಶ್ರಿತ ಹಸಿರು ಒಂದು, ನೀಲಿ ಮಿಶ್ರಿತ ಹಸಿರು ಇನ್ನೊಂದು, ಕೆಳಗೆ ಹಳದಿಯ ಹಲವು ಪಟ್ಟೆ. ಕ್ಯಾರೋಟಿನ್ ಎಲ್ಲಕ್ಕಿಂತ ಮೊದಲು ಹೊರಗೆ ಬಂತು. ಆಮೇಲೆ ಪುಡಿಯ ಕಂಬವನ್ನ ಕಡ್ಡಿಯಿಂದ ಹೊರಗೆ ತಳ್ಳಿ, ಪಟ್ಟೆಗಳನ್ನ ಚಾಕುವಿನಿಂದ ಕತ್ತರಿಸಿ, ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ತೊಳೆದು ತೆಗೆದರು.

1903ರ ಮಾರ್ಚ್‌ನಲ್ಲಿ ವಾರ್ಸಾದ ನಿಸರ್ಗವಿಜ್ಞಾನಿಗಳ ಸಂಘದಲ್ಲಿ ಅವರು ಅಧಿಶೋಷಣೆಯ ಬಗ್ಗೆ ಉಪನ್ಯಾಸ ಕೊಟ್ಟರು. ಅದೇ ಹೊತ್ತಿಗೆ ನಮ್ಮ ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಏಳುತ್ತಿತ್ತು. 1907ರಲ್ಲಿ ಅದು ಮುಗಿಯಿತು. 1906ರಲ್ಲಿ ಜರ್ಮನಿಯ ಸಸ್ಯವಿಜ್ಞಾನ ಸಂಘದ ಪತ್ರಿಕೆಯಲ್ಲಿ ಬಂದ ಎರಡು ಲೇಖನಗಳಲ್ಲಿ ತ್ಸ್ವೆಟ್ ವಿಧಾನವನ್ನ ಪೂರ್ತಿ ವಿವರಿಸಿ, ಕ್ರೊಮ್ಯಾಟೋಗ್ರಫಿ ಅನ್ನೋ ಹೆಸರು ಕೊಟ್ಟರು. ಗ್ರೀಕ್‌ನಲ್ಲಿ ಅದರರ್ಥ ಬಣ್ಣದ ಬರಹ. ರಷ್ಯನ್‌ನಲ್ಲಿ ತ್ಸ್ವೆಟ್ ಅಂದ್ರೂ ಬಣ್ಣ ಅಂತಲೇ! ಅವರು ಬೇಕಂತಲೇ ತಮ್ಮ ಹೆಸರನ್ನ ಅದರಲ್ಲಿ ಅಡಗಿಸಿದರೋ ಏನೋ ಅಂತ ಇವತ್ತಿಗೂ ಜನ ಮಾತಾಡಿಕೊಳ್ಳುತ್ತಾರೆ.

ಆ ಲೇಖನದಲ್ಲಿ ಅವರು ಇನ್ನೊಂದು ಮಾತು ಸೇರಿಸಿದ್ದರು. ಈ ನಿಯಮ ಬಣ್ಣದ ವಸ್ತುಗಳಿಗೆ ಮಾತ್ರವಲ್ಲ, ಬಣ್ಣವಿಲ್ಲದವುಗಳಿಗೂ ಅನ್ವಯಿಸುತ್ತೆ ಅಂತ. ಆ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ದೊಡ್ಡವರು ಒಪ್ಪಲಿಲ್ಲ

1907ರಲ್ಲಿ ತ್ಸ್ವೆಟ್ ಜರ್ಮನಿಗೇ ಹೋಗಿ ಬಣ್ಣದ ಪಟ್ಟೆಗಳಿದ್ದ ಕಾಲಂಗಳನ್ನ ಆ ಸಂಘದವರಿಗೆ ತೋರಿಸಿದರು. ಆದರೂ ಕೆಮಿಸ್ಟುಗಳು ಒಪ್ಪಲಿಲ್ಲ. ಕ್ಲೋರೋಫಿಲ್ ರಸಾಯನಶಾಸ್ತ್ರದಲ್ಲಿ ಆಗ ಹೆಸರಾಗಿದ್ದ ಮಾರ್ಶ್‌ಲೆವ್ಸ್ಕಿ ಕಟುವಾಗಿ ಟೀಕಿಸಿದರು. ಅವರ ಲೆಕ್ಕದಲ್ಲಿ ಇದು ಬರೀ ಸೋಸುವ ಕೆಲಸ. ಒಂದು ವಸ್ತು ಇದೆ ಅಂತ ಹೇಳಬೇಕಾದರೆ ಅದನ್ನ ಗ್ರಾಂಗಟ್ಟಲೆ ತೆಗೆದು ಹರಳು ಮಾಡಿ ತೋರಿಸಬೇಕು ಅನ್ನೋದು ಆ ಕಾಲದ ರೂಢಿ. ತ್ಸ್ವೆಟ್ ಕೈಯಲ್ಲಿದ್ದದ್ದು ಮಿಲಿಗ್ರಾಂ ಲೆಕ್ಕದ ಬಣ್ಣದ ಪಟ್ಟೆ.

ಇದಕ್ಕಿಂತ ದೊಡ್ಡ ಪೆಟ್ಟು ರಿಚರ್ಡ್ ವಿಲ್‌ಶ್ಟೆಟರ್ ಕಡೆಯಿಂದ ಬಂತು. ಗಿಡಗಳ ಬಣ್ಣದ ಮೇಲಿನ ಕೆಲಸಕ್ಕೆ 1915ರ ನೊಬೆಲ್ ಪಡೆದವರು ಇವರು. ಅವರ ಲ್ಯಾಬಿನಲ್ಲಿ ಕಾಲಂ ವಿಧಾನವನ್ನ ಮಾಡಿ ನೋಡಿದರು, ಸರಿಬರಲಿಲ್ಲ. ಯಾಕೆ? ಅವರು ಬಳಸಿದ ಪುಡಿ ತುಂಬಾ ತೀಕ್ಷ್ಣವಾಗಿತ್ತು, ಕ್ಲೋರೋಫಿಲನ್ನ ಹಿಡಿಯೋ ಬದಲು ಕೆಡಿಸಿಬಿಡುತ್ತಿತ್ತು. ತ್ಸ್ವೆಟ್ ನೂರು ಪುಡಿ ಪರೀಕ್ಷಿಸಿ ಮೃದುವಾದದ್ದನ್ನ ಆರಿಸಿದ್ದು ಈ ಕಾರಣಕ್ಕೇ. ಆ ಒಂದು ವಿವರ ತಪ್ಪಿದ್ದಕ್ಕೆ ವಿಧಾನವೇ ತಪ್ಪು ಅನ್ನೋ ಮಾತು ಹಬ್ಬಿತು. ದೊಡ್ಡ ಹೆಸರಿನವರು ಮಾಡಿ ಬರಲಿಲ್ಲ ಅಂದಮೇಲೆ ಬೇರೆಯವರು ಯಾಕೆ ಕೈ ಹಾಕ್ತಾರೆ?

ವಿಷಯದಲ್ಲಿ ಮಾತ್ರ ತ್ಸ್ವೆಟ್ ಹೇಳಿದ್ದೇ ಸರಿಯಾಗಿತ್ತು. ಹಸಿರು ಒಂದಲ್ಲ ಎರಡು, ಇವತ್ತು ನಾವು ಕ್ಲೋರೋಫಿಲ್ ಎ ಮತ್ತು ಬಿ ಅಂತೀವಲ್ಲ, ಅದನ್ನ ಮುಂದೆ ವಿಲ್‌ಶ್ಟೆಟರ್ ಗುಂಪೇ ಬೇರೆ ದಾರಿಯಲ್ಲಿ ಹೋಗಿ ಖಚಿತಪಡಿಸಿತು.

ತ್ಸ್ವೆಟ್ ಕೆಲಸ ನಿಲ್ಲಿಸಲಿಲ್ಲ. 1907ರಲ್ಲಿ ಮದುವೆಯಾದರು. 1908ರಿಂದ ವಾರ್ಸಾ ಪಾಲಿಟೆಕ್ನಿಕ್‌ನಲ್ಲಿ, ಅಂದರೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲೇ, ಪಾಠ ಹೇಳಿದರು. 1910ರಲ್ಲಿ ಗಿಡ ಮತ್ತು ಪ್ರಾಣಿಗಳ ಬಣ್ಣಗಳ ಮೇಲೆ ರಷ್ಯನ್‌ನಲ್ಲಿ ಪುಸ್ತಕ ಬಂತು. ಅದರ ಮೇಲೇ ರಷ್ಯಾದ ಡಾಕ್ಟರೇಟೂ ಸಿಕ್ಕಿತು. ಮರುವರ್ಷ ರಷ್ಯಾದ ವಿಜ್ಞಾನ ಅಕಾಡೆಮಿ ಅದಕ್ಕೆ ಬಹುಮಾನ ಕೊಟ್ಟಿತು. ಆದರೆ ರಷ್ಯನ್ ಓದುವ ಕೆಮಿಸ್ಟುಗಳು ಯುರೋಪಿನಲ್ಲಿ ಎಷ್ಟು ಜನ ಇದ್ದರು?

ಯುದ್ಧ ಬಂತು

1915ರಲ್ಲಿ ಜರ್ಮನ್ ಸೇನೆ ವಾರ್ಸಾಕ್ಕೆ ಬಂತು. ಪಾಲಿಟೆಕ್ನಿಕ್ ಅನ್ನ ಖಾಲಿ ಮಾಡಿಸಿ ಮೊದಲು ಮಾಸ್ಕೋಗೆ, ಆಮೇಲೆ ನಿಜ್ನಿ ನವ್ಗೊರೊದ್‌ಗೆ ಕಳಿಸಿದರು. ಲ್ಯಾಬ್ ಕಳೆದುಕೊಂಡ ತ್ಸ್ವೆಟ್‌ಗೆ ಆರೋಗ್ಯವೂ ಕೈಕೊಡುತ್ತಿತ್ತು. 1917ರಲ್ಲಿ, 45ನೇ ವಯಸ್ಸಿನಲ್ಲಿ, ಕೊನೆಗೂ ಪೂರ್ಣ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಇಂದಿನ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ವಿಭಾಗ, ಜೊತೆಗೆ ಸಸ್ಯೋದ್ಯಾನ. ಮರುವರ್ಷ ಆ ಊರೂ ಜರ್ಮನರ ಕೈಗೆ ಹೋಯಿತು. ಮತ್ತೆ ಗಂಟು ಮೂಟೆ ಕಟ್ಟಿ ವರೋನೆಜ್‌ಗೆ ಹೊರಟರು.

1918ರಲ್ಲಿ ಅವರ ಹೆಸರು ರಸಾಯನಶಾಸ್ತ್ರದ ನೊಬೆಲ್‌ಗೆ ಸೂಚಿತವಾಗಿತ್ತು, ಬಹುಮಾನ ಬರಲಿಲ್ಲ. 1919ರ ಜೂನ್ 26ರಂದು ವರೋನೆಜ್‌ನಲ್ಲಿ ತೀರಿಕೊಂಡರು. ವಯಸ್ಸು 47. ಅವರ ವಿಧಾನವನ್ನ ಆಗ ಬಳಸುತ್ತಿದ್ದವರು ಬೆರಳೆಣಿಕೆಯಷ್ಟು ಜನ.

ಬಣ್ಣವಿಲ್ಲದ ವಸ್ತುಗಳ ಸರದಿ

ಅವರು ಸತ್ತು 12 ವರ್ಷವಾದ ಮೇಲೆ ಕಥೆ ತಿರುಗಿತು. ವಿಲ್‌ಶ್ಟೆಟರ್ ತಮ್ಮ ಉಪಯೋಗಕ್ಕೆ ತ್ಸ್ವೆಟ್ ಪುಸ್ತಕದ ಜರ್ಮನ್ ಅನುವಾದ ಮಾಡಿಸಿ ಇಟ್ಟುಕೊಂಡಿದ್ದರು. ಅದು ಅವರ ಶಿಷ್ಯ ರಿಚರ್ಡ್ ಕೂನ್ ಕೈಗೆ, ಅಲ್ಲಿಂದ ಎಡ್ಗರ್ ಲೆಡರರ್ ಕೈಗೆ ಬಂತು. 1931ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಅವರು ತ್ಸ್ವೆಟ್ ಹೇಳಿದ ಹಾಗೇ ಪುಡಿ ಆರಿಸಿ ಕಾಲಂ ಹಾಕಿದರು. ಒಂದೇ ವಸ್ತು ಅಂದುಕೊಂಡಿದ್ದ ಕ್ಯಾರೋಟಿನ್ ಆಲ್ಫಾ, ಬೀಟಾ ಅಂತ ಎರಡಾಯಿತು. ಕೆಲವೇ ವರ್ಷಗಳಲ್ಲಿ ಕಾಲಂ ಎಲ್ಲ ಲ್ಯಾಬುಗಳಿಗೂ ಹೋಯಿತು. ಕೂನ್‌ಗೆ 1938ರ ನೊಬೆಲ್ ಬಂತು. ಕ್ರೊಮ್ಯಾಟೋಗ್ರಫಿಯ ಇನ್ನೊಂದು ಬಗೆ ಕಂಡುಹಿಡಿದ ಮಾರ್ಟಿನ್ ಮತ್ತು ಸಿಂಜ್‌ಗೆ 1952ರಲ್ಲಿ.

ಅಯಾನುಗಳಿಗೆ ಬೇಕಾದ ಪುಡಿ 1935ರಲ್ಲಿ ಸಿಕ್ಕಿತು. ಇಂಗ್ಲೆಂಡಿನಲ್ಲಿ ಆಡಮ್ಸ್ ಮತ್ತು ಹೋಮ್ಸ್ ಮಾಡಿದ ಕೃತಕ ರಾಳ ಅದು. ನೀರಿನಲ್ಲಿರೋ ಒಂದು ಅಯಾನನ್ನ ಹಿಡಿದು ಇನ್ನೊಂದನ್ನ ಬಿಟ್ಟುಕೊಡುತ್ತೆ. ಆದರೆ ಒಂದು ತೊಡಕು ಉಳಿಯಿತು. ತ್ಸ್ವೆಟ್ ಪಟ್ಟೆಗಳು ಕಣ್ಣಿಗೆ ಕಾಣುತ್ತಿದ್ದವು. ಫ್ಲೋರೈಡ್, ನೈಟ್ರೇಟ್ ಕಾಣಲ್ಲ. ಅಯಾನುಗಳು ವಿದ್ಯುತ್ ಹರಿಸುತ್ತವೆ, ಅದನ್ನ ಅಳೆಯಬಹುದು ನಿಜ. ಆದರೆ ಕಾಲಂನಲ್ಲಿ ಅವನ್ನ ತಳ್ಳಿಕೊಂಡು ಹೋಗೋ ಎಲ್ಯುಯೆಂಟ್ ದ್ರಾವಣವೇ ಅದಕ್ಕಿಂತ ಹೆಚ್ಚು ವಿದ್ಯುತ್ ಹರಿಸುತ್ತೆ. ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ.

1975ರಲ್ಲಿ ಅಮೆರಿಕದ ಡೌ ಕೆಮಿಕಲ್ ಕಂಪನಿಯ ಹೇಮಿಶ್ ಸ್ಮಾಲ್, ಸ್ಟೀವನ್ಸ್, ಬೌಮನ್ ಇದಕ್ಕೆ ದಾರಿ ಕಂಡುಕೊಂಡರು. ಬೇರ್ಪಡಿಸುವ ಕಾಲಂ ಆದಮೇಲೆ ಸಪ್ರೆಸರ್ ಅನ್ನೋ ಇನ್ನೊಂದು ಭಾಗ. ಅದು ದ್ರಾವಣದ ಸೋಡಿಯಂ ತೆಗೆದು ಹೈಡ್ರೋಜನ್ ಅಯಾನು ಕೊಡುತ್ತೆ. ಕಾರ್ಬೊನೇಟ್ ಎಲ್ಯುಯೆಂಟ್ ದುರ್ಬಲ ಕಾರ್ಬೊನಿಕ್ ಆಮ್ಲವಾಗಿ ಸುಮ್ಮನಾಗುತ್ತೆ, ಕ್ಲೋರೈಡ್ ಹೈಡ್ರೋಕ್ಲೋರಿಕ್ ಆಮ್ಲವಾಗಿ ಇನ್ನೂ ಜೋರಾಗಿ ಮಾತಾಡುತ್ತೆ. ಗದ್ದಲ ಇಳಿಯಿತು, ಪಿಸುಮಾತು ಕೇಳಿಸಿತು. ಬಣ್ಣವಿಲ್ಲದ ವಸ್ತುಗಳಿಗೂ ನಿಯಮ ಒಂದೇ ಅಂತ ತ್ಸ್ವೆಟ್ ಬರೆದದ್ದು 69 ವರ್ಷದ ಮೇಲೆ ನೀರಿನ ಲ್ಯಾಬಿಗೂ ಬಂತು.

ನಮ್ಮ ನೀರು, ನಮ್ಮ ಕಾಲಂ

ಈಗ ಯಂತ್ರದ ಮುಂದೆ ಕೂತವರ ವಿಷಯ. ಬಟನ್ ಒತ್ತಿದರೆ ಅಂಕಿ ಬರುತ್ತೆ. ಕಾಲಂ ಕೆಟ್ಟಿದ್ದರೂ ಅಂಕಿ ಬರುತ್ತೆ, ಅದೇ ಕಷ್ಟ. ವಿಲ್‌ಶ್ಟೆಟರ್ ಲ್ಯಾಬಿನಲ್ಲಿ ಆದದ್ದೂ ಇದೇ ತಾನೇ? ಕಾಲಂ ಒಳಗೆ ಏನೋ ನಡೀತು, ಫಲಿತಾಂಶ ಮಾತ್ರ ಸತ್ಯ ಹೇಳಲಿಲ್ಲ.

ಫ್ಲೋರೈಡ್ ವಿಷಯದಲ್ಲಿ ಹುಷಾರಾಗಿರಬೇಕಾದ ಕಾರಣ ಇನ್ನೊಂದಿದೆ. ಅದು ಕಾಲಂನಲ್ಲಿ ಸಡಿಲವಾಗಿ ಅಂಟಿಕೊಳ್ಳೋ ಅಯಾನು, ಎಲ್ಲರಿಗಿಂತ ಮೊದಲು ಹೊರಬರುತ್ತೆ. ಸರಿಸುಮಾರು ಅದೇ ಹೊತ್ತಿಗೆ ಸ್ಯಾಂಪಲ್ಲಿನ ನೀರೂ ಹೊರಬಂದು ಗ್ರಾಫಿನಲ್ಲಿ ಒಂದು ತಗ್ಗು ಮಾಡುತ್ತೆ. ಅಸಿಟೇಟ್, ಫಾರ್ಮೇಟ್‌ನಂಥ ಸಾವಯವ ಆಮ್ಲಗಳೂ ಅಲ್ಲೇ ಸುತ್ತಮುತ್ತ ಬರುತ್ತವೆ. ಹಳೇ ಕಾಲಂ ಹಿಡಿತ ಕಳೆದುಕೊಂಡರೆ ಪೀಕುಗಳೆಲ್ಲ ಬೇಗ ಬೇಗ ಬಂದು, ಫ್ಲೋರೈಡ್ ಆ ತಗ್ಗಿನೊಳಗೆ ಅರ್ಧ ಮುಳುಗುತ್ತೆ. ಆಗ ಕಮ್ಮಿ ಅಂಕಿ ಬರುತ್ತೆ. ಊರಿನವರಿಗೆ ನೀರು ಚೆನ್ನಾಗಿದೆ ಅನ್ನೋ ಸರ್ಟಿಫಿಕೇಟ್ ಸಿಗುತ್ತೆ! ಇದಕ್ಕೆ ಉಪಾಯ ಇದೆ: ಸ್ಯಾಂಪಲ್ಲಿಗೂ ಸ್ಟ್ಯಾಂಡರ್ಡಿಗೂ ಸ್ವಲ್ಪ ಗಾಢ ಎಲ್ಯುಯೆಂಟ್ ಸೇರಿಸಿ ಎರಡರ ಹಿನ್ನೆಲೆಯನ್ನ ಒಂದೇ ಮಾಡಿದರೆ ತಗ್ಗು ಕಮ್ಮಿಯಾಗುತ್ತೆ.

ಉಳಿದದ್ದು ದಿನನಿತ್ಯದ ಶಿಸ್ತು. ಸ್ಯಾಂಪಲ್ ತರೋದು ಪ್ಲಾಸ್ಟಿಕ್ ಬಾಟಲಿಯಲ್ಲಿ, ಗಾಜಿನಲ್ಲಿ ಅಲ್ಲ. ಫ್ಲೋರೈಡ್‌ಗೆ ಗಾಜಿನ ಜೊತೆ ನಂಟಿದೆ. 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸದೆ ಒಳಗೆ ಬಿಡಬಾರದು. ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್, ಸಲ್ಫೇಟ್ ಜಾಸ್ತಿ ಇದ್ದರೆ ದುರ್ಬಲಗೊಳಿಸಿ ಕೊಡಬೇಕು, ಇಲ್ಲಾಂದ್ರೆ ಕಾಲಂ ತುಂಬಿ ಪೀಕು ಸೊಟ್ಟಗಾಗುತ್ತೆ. ಮುಖ್ಯ ಕಾಲಂ ಮುಂದೆ ಗಾರ್ಡ್ ಕಾಲಂ ಇರಲೇಬೇಕು. ಗಡಸು ನೀರಿನ ಕೊಳೆ, ಕಬ್ಬಿಣ ಎಲ್ಲ ಮೊದಲು ಅದಕ್ಕೆ ಹತ್ತಲಿ. ಎಲ್ಯುಯೆಂಟ್ ಮಾಡೋಕೆ ಡಿಯಯಾನೈಸ್ಡ್ ನೀರು, ಅದೂ ಗಾಳಿ ತೆಗೆದದ್ದು. ಪಂಪಿನಲ್ಲಿ ಒಂದು ಗುಳ್ಳೆ ಸಿಕ್ಕಿಕೊಂಡರೂ ಬೇಸ್‌ಲೈನ್ ಕುಣಿಯುತ್ತೆ. ಒತ್ತಡ ದಿನೇ ದಿನೇ ಏರುತ್ತಿದ್ದರೆ ಎಲ್ಲೋ ಕಟ್ಟಿಕೊಳ್ಳುತ್ತಿದೆ ಅಂತರ್ಥ. ಹರಿವು ಜೋರು ಮಾಡಿ ತಳ್ಳೋದು ಅದಕ್ಕೆ ಮದ್ದಲ್ಲ, ಗಾರ್ಡ್ ಬದಲಿಸಬೇಕು. ಸಪ್ರೆಸರ್ ಒಣಗೋಕೆ ಬಿಡಬಾರದು. ರಜಕ್ಕೆ ಮುಂಚೆ ಕಾಲಂನಲ್ಲಿ ಯಾವ ದ್ರಾವಣ ತುಂಬಿಡಬೇಕು ಅನ್ನೋದು ಅದರ ಕೈಪಿಡಿಯಲ್ಲಿರುತ್ತೆ, ಅದನ್ನೇ ಪಾಲಿಸಬೇಕು.

ಇಷ್ಟಾದ ಮೇಲೂ ಅಂಕಿಯನ್ನ ಪರೀಕ್ಷಿಸಬೇಕು. ಒಂದು ಉದಾಹರಣೆ. ನೀರಿನಲ್ಲಿ ಫ್ಲೋರೈಡ್ 0.9 ಬಂತು ಅಂದುಕೊಳ್ಳಿ. ಅದೇ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಹೆಚ್ಚಾಗುವಷ್ಟು ಫ್ಲೋರೈಡ್ ನಾವೇ ಸೇರಿಸಿ ಮತ್ತೆ ಅಳೆದರೆ 1.9ರ ಹತ್ತಿರ ಬರಬೇಕು. 1.4 ಬಂದರೆ ಸೇರಿಸಿದ್ದರಲ್ಲಿ ಅರ್ಧ ಕಳೆದುಹೋಗಿದೆ. ಹಾಗಿದ್ದರೆ ಮೊದಲಿನ 0.9 ಕೂಡ ನಂಬೋ ಹಾಗಿಲ್ಲ; ನಿಜ ಮಿತಿಗಿಂತ ಮೇಲಿರಬಹುದು.

ಇನ್ನೊಂದು ಸಂಬಂಧವೂ ಇದೆ. ಫ್ಲೋರೈಡ್ ತೆಗೆಯೋಕೆ ಬಳಸೋ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಕೂಡ ತ್ಸ್ವೆಟ್ ಕಾಲಂನ ದೊಡ್ಡ ಅಣ್ಣನೇ. ನೀರು ಪುಡಿಯ ಮೂಲಕ ಇಳಿಯುತ್ತೆ, ಫ್ಲೋರೈಡ್ ಮೇಲ್ಮೈಗೆ ಅಂಟಿಕೊಳ್ಳುತ್ತೆ. ಪುಡಿಯ ಹಿಡಿತ ಮುಗಿದ ಮೇಲೆ ಫ್ಲೋರೈಡ್ ಸುಮ್ಮನೆ ದಾಟಿಹೋಗುತ್ತೆ, ನಲ್ಲಿಯಿಂದ ನೀರು ಮಾತ್ರ ಮೊದಲಿನ ಹಾಗೇ ತಿಳಿಯಾಗಿ ಬರುತ್ತೆ. ಮುಗಿದದ್ದು ಯಾವಾಗ ಅಂತ ಹೇಳೋಕೆ ಮತ್ತೆ ಲ್ಯಾಬೇ ಬೇಕು.

ನಿಮ್ಮ ಊರಿನ ನೀರಿನ ವರದಿ ಕೈಗೆ ಸಿಕ್ಕರೆ ಅಂಕಿ ನೋಡಿ ಮಡಚಿಡಬೇಡಿ. ಬ್ಲ್ಯಾಂಕ್ ಎಷ್ಟು ಬಂತು, ಸೇರಿಸಿದ ಫ್ಲೋರೈಡ್ ಎಷ್ಟು ವಾಪಸ್ ಸಿಕ್ಕಿತು, ಪೀಕು ಬರೋ ಸಮಯ ಹಳೇ ದಿನಗಳಿಗೆ ಹೋಲಿಸಿದರೆ ಸರಿದಿದೆಯಾ ಅಂತ ಕೇಳಿ. ಲ್ಯಾಬಿನಲ್ಲಿ ಕೆಲಸ ಮಾಡೋರು ನೀವೇ ಆದರೆ, ಒತ್ತಡ ಮತ್ತು ಪೀಕಿನ ಸಮಯವನ್ನ ದಿನವೂ ಲಾಗ್‌ಬುಕ್‌ನಲ್ಲಿ ಬರೆದಿಡಿ. ತ್ಸ್ವೆಟ್ 1906ರಲ್ಲಿ ಪುಡಿಯ ನುಣುಪು, ನಳಿಕೆಯ ಅಗಲ, ದ್ರಾವಕದ ಹೆಸರು ಎಲ್ಲವನ್ನೂ ಬರೆದಿಟ್ಟಿದ್ದರು. 25 ವರ್ಷದ ನಂತರ ಹೈಡೆಲ್‌ಬರ್ಗ್‌ನವರು ಅದನ್ನ ಓದಿ ಹಾಗೇ ಮಾಡಿದರು, ಬಂತು.